ಬಸ್ಸಿಗೂ ಡ್ರೈವರಿಗೂ ಟೈಮ್ ಹೊಂದಿಸುವುದು ಹೇಗೆ?

ಒಂದು ಹಾಳೆ, ಪೆನ್ಸಿಲು, ರಬ್ಬರು ತಗೊಳ್ಳಿ. ರಬ್ಬರು ಸ್ವಲ್ಪ ದೊಡ್ಡದೇ ಇರಲಿ, ಅಳಿಸುವ ಕೆಲಸ ಜಾಸ್ತಿ. ನಿಮ್ಮನ್ನು ಬೆಂಗಳೂರಿನ ಒಂದು ಬಸ್ ಡಿಪೋದಲ್ಲಿ ಶೆಡ್ಯೂಲ್ ಹಾಕಲು ಕೂರಿಸಿದ್ದಾರೆ ಅಂದುಕೊಳ್ಳಿ. ಕೈಗೆ ಬಂದಿರುವುದು ಹೆಬ್ಬಾಳದಿಂದ ಟಿನ್ ಫ್ಯಾಕ್ಟರಿ, ಮಾರತಹಳ್ಳಿ ಮೇಲೆ ಸಿಲ್ಕ್ ಬೋರ್ಡ್ ಮುಟ್ಟುವ ರೂಟು. ಹೊರವರ್ತುಲ ರಸ್ತೆಯಲ್ಲಿ ಓಡಾಡುವವರಿಗೆ ಇದರ ಪರಿಚಯ ಮಾಡಿಕೊಡುವುದು ಬೇಡ. ಕೆಳಗಿನ ಅಂಕಿಗಳು ಲೆಕ್ಕ ಸುಲಭವಾಗಲಿ ಅಂತ ಹಾಕಿಕೊಂಡವು. ಲೆಕ್ಕ ಮಾಡುವ ಕ್ರಮ ಮಾತ್ರ ನಿಜದ್ದೇ.

1. ಮೊದಲು ತಲೆ ಎಣಿಸಿ

ರೂಟಿನಲ್ಲಿ ಬಸ್ಸು ಎಲ್ಲಿ ಅತಿ ಹೆಚ್ಚು ತುಂಬಿರುತ್ತದೋ ಆ ಜಾಗ ಹುಡುಕಿ. ಬೆಳಗ್ಗೆ 8:30ರಿಂದ 9:30ರವರೆಗೆ ಅಲ್ಲಿ ಒಂದು ದಿಕ್ಕಿಗೆ ಹೋಗುವವರು 360 ಜನ ಎಂದಿಟ್ಟುಕೊಳ್ಳಿ. ಕೂತವರು, ನಿಂತವರು ಸೇರಿ ಬಸ್ಸಿಗೆ 60 ಜನ ಅಂದರೆ ಗಂಟೆಗೆ 6 ಬಸ್ಸು, ಅಂದರೆ 10 ನಿಮಿಷಕ್ಕೊಂದು. ಮೊದಲೆಲ್ಲ ಈ ಎಣಿಕೆಗೆ ಜನರನ್ನೇ ನಿಲ್ಲಿಸಬೇಕಿತ್ತು. ಈಗ ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಮೆಷಿನ್ ಯಾರು ಎಲ್ಲಿ ಹತ್ತಿ ಎಲ್ಲಿಗೆ ಟಿಕೆಟ್ ತಗೊಂಡರು ಅಂತ ಹೇಳುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೂ ಈ ಲೆಕ್ಕ ತಪ್ಪಿಲ್ಲ, ಏಕೆಂದರೆ ಮಹಿಳೆಯರಿಗೂ ಶೂನ್ಯ ದರದ ಟಿಕೆಟ್ ಹರಿದು ಕೊಡಲೇಬೇಕು. ಪಾಸಿನವರು ಮಾತ್ರ ಮೆಷಿನ್ನಿಗೆ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಆಗೊಮ್ಮೆ ಈಗೊಮ್ಮೆ ಯಾರಾದರೂ ಹೋಗಿ ಕಣ್ಣಾರೆ ನೋಡಿ ಬರುವುದು ಒಳ್ಳೆಯದು.

2. ರನ್ನಿಂಗ್ ಟೈಮ್

ಈ ತುದಿಯಿಂದ ಆ ತುದಿಗೆ ಎಷ್ಟು ಹೊತ್ತು? ಇದಕ್ಕೆ ಒಂದೇ ಉತ್ತರವಿಲ್ಲ. ಬೆಳಗ್ಗೆ 6ಕ್ಕೆ 55 ನಿಮಿಷ, 9ಕ್ಕೆ 80, ಮಧ್ಯಾಹ್ನ 60 ಆಗಬಹುದು. ಹೊತ್ತಿಗೆ ತಕ್ಕ ಹಾಗೆ ಬೇರೆ ಬೇರೆ ಬರೆದುಕೊಳ್ಳಿ.

ಸರಾಸರಿ ಮಾತ್ರ ಹಿಡಿಯಬೇಡಿ. ಸರಾಸರಿ ಬರೆದರೆ ಹೆಚ್ಚು ಕಡಿಮೆ ಅರ್ಧ ಟ್ರಿಪ್‌ಗಳು ಲೇಟಾಗುತ್ತವೆ. ಬಸ್ಸಿನ ಜಿಪಿಎಸ್ ದಾಖಲೆ ತೆಗೆದು, 100 ಟ್ರಿಪ್‌ಗಳಲ್ಲಿ 85 ಯಾವ ಟೈಮಿನೊಳಗೆ ಮುಗಿದಿವೆ ಅಂತ ನೋಡಿ. ಅಷ್ಟು ಕೊಟ್ಟರೆ ಸಾಕು. ಅದಕ್ಕಿಂತ ಜಾಸ್ತಿ ಕೊಟ್ಟರೆ ಡ್ರೈವರ್ ದಾರಿಯಲ್ಲಿ ಸುಮ್ನೆ ನಿಧಾನ ಮಾಡಬೇಕಾಗುತ್ತದೆ, ಒಳಗೆ ಕೂತವರು ಬೈಯುತ್ತಾರೆ.

3. ಬಸ್ಸೆಷ್ಟು ಬೇಕು?

ಹೋಗಲು 80, ಬರಲು 80. ಎರಡೂ ತುದಿಯಲ್ಲಿ ಹತ್ತತ್ತು ನಿಮಿಷ ನಿಲ್ಲಬೇಕು. ಒಟ್ಟು 180. ಅದನ್ನು 10 ನಿಮಿಷದ ಅಂತರದಿಂದ ಭಾಗಿಸಿ: 18 ಬಸ್ಸು. ಮಧ್ಯಾಹ್ನ 60 ನಿಮಿಷದ ಓಟ, ಹತ್ತು ನಿಮಿಷದ ನಿಲುಗಡೆ, ಒಂದು ಸುತ್ತಿಗೆ 140. 14 ನಿಮಿಷಕ್ಕೊಂದು ಸಾಕು ಅಂದರೆ 10 ಬಸ್ಸು. ಅಂದರೆ 8 ಬಸ್ಸು ಬರೀ ಬೆಳಗ್ಗೆ, ಸಂಜೆಯ ನೂಕುನುಗ್ಗಲಿಗೆ.

ಈಗ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಪ್ರತಿ ಟ್ರಿಪ್ಪಿಗೆ ಇನ್ನೂ 10 ನಿಮಿಷ ಹೋಯಿತು ಅನ್ನಿ. ಸುತ್ತು 200 ನಿಮಿಷ, ಬಸ್ಸು 20. ಒಬ್ಬ ಪ್ರಯಾಣಿಕನೂ ಜಾಸ್ತಿಯಾಗಿಲ್ಲ, ಆದರೂ ಎರಡು ಬಸ್ಸನ್ನು, ಅವುಗಳ ಸಿಬ್ಬಂದಿಯನ್ನು ಟ್ರಾಫಿಕ್ಕು ನುಂಗಿತು! ಬಸ್ ಲೇನ್ ಬೇಕು ಅನ್ನುವವರ ವಾದದ ಬೇರು ಇಲ್ಲಿದೆ.

ಆ ಎರಡು ಬಸ್ಸು ನಿಮಗೆ ಸಿಗುವುದಿಲ್ಲ ಎಂದಿಟ್ಟುಕೊಳ್ಳಿ. ಸುಲಭದ ದಾರಿ ಎದುರಿಗೇ ಇದೆ: ತುದಿಯ ಆ ಹತ್ತತ್ತು ನಿಮಿಷ ತೆಗೆದುಹಾಕಿದರೆ 200 ಮತ್ತೆ 180 ಆಗುತ್ತದೆ. ಮಾಡಬೇಡಿ. ನನ್ನ ಕೇಳಿದರೆ ಇಡೀ ಹಾಳೆಯಲ್ಲಿ ಯಾರೂ ಮುಟ್ಟಬಾರದ ಅಂಕಿ ಅದೇ. ಲೇಟಾದ ಬಸ್ಸು ಸರಿಹೋಗುವುದು ಅಲ್ಲಿ, ಡ್ರೈವರ್ ನೀರು ಕುಡಿಯುವುದು, ಶೌಚಕ್ಕೆ ಹೋಗುವುದು ಅಲ್ಲಿ. ಅದಿಲ್ಲದಿದ್ದರೆ ಬೆಳಗ್ಗೆ 9ಕ್ಕೆ ಆದ ತಡ ಮಧ್ಯಾಹ್ನದವರೆಗೂ ಹರಿಯುತ್ತದೆ. ತಡವಾದ ಬಸ್ಸಿಗೆ ಸ್ಟಾಪಿನಲ್ಲಿ ಜನ ಜಾಸ್ತಿ ಸೇರುತ್ತಾರೆ, ಹತ್ತಿಸಿಕೊಳ್ಳಲು ಇನ್ನಷ್ಟು ತಡ, ಹಿಂದಿನ ಬಸ್ಸು ಖಾಲಿಯಾಗಿ ಓಡೋಡಿ ಬಂದು ಬಾಲ ಹಿಡಿಯುತ್ತದೆ. ಅರ್ಧ ಗಂಟೆ ಕಾದ ಮೇಲೆ ಮೂರು ಬಸ್ಸು ಒಟ್ಟಿಗೆ ಬರುತ್ತವಲ್ವಾ, ಅದು ಹೀಗೆ. ಬಸ್ಸಿಲ್ಲದಿದ್ದರೆ ಅಂತರವನ್ನು 11 ನಿಮಿಷ ಚಿಲ್ಲರೆ ಮಾಡಿ, ಹಾಗಂತ ಬೋರ್ಡಿನಲ್ಲಿ ಹಾಕಿಬಿಡಿ.

4. ಟ್ರಿಪ್‌ಗಳನ್ನು ಪೋಣಿಸಿ

ಒಂದು ಬಸ್ಸು ದಿನವಿಡೀ ಮಾಡುವ ಕೆಲಸಕ್ಕೆ ಡಿಪೋದಲ್ಲಿ ಶೆಡ್ಯೂಲ್ ಅನ್ನುತ್ತಾರೆ. ಅದಕ್ಕೊಂದು ನಂಬರ್. ಇಷ್ಟು ಹೊತ್ತಿಗೆ ಗೇಟು ಬಿಡಬೇಕು, ಇಷ್ಟಕ್ಕೆ ಮೊದಲ ಟ್ರಿಪ್, ಇಷ್ಟಕ್ಕೆ ವಾಪಸ್ ಅಂತ ಎಲ್ಲ ಬರೆದಿಡುವ ಹಾಳೆ ಫಾರಂ-4. ಡಿಪೋದಿಂದ ಮೊದಲ ಸ್ಟಾಪಿಗೆ ಖಾಲಿ ಓಡುವುದು ಡೆಡ್ ಕಿಲೋಮೀಟರ್. ಡೀಸೆಲ್ ಖರ್ಚು, ಟಿಕೆಟ್ ಇಲ್ಲ. ಇದು ಕಡಿಮೆಯಾಗುವಂತೆ ಆ ಕಡೆಯ ಡಿಪೋಗೆ ಕೆಲವು ಬಸ್ಸು ಕೊಡುವುದು ವಾಡಿಕೆ.

5. ಡ್ರೈವರ್ ಡ್ಯೂಟಿ

ಇಲ್ಲಿ ರಬ್ಬರು ಸವೆಯುತ್ತದೆ. ಬಸ್ಸು 16 ಗಂಟೆ ಓಡಬಲ್ಲದು, ಮನುಷ್ಯ ಓಡಲಾರ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹಾಕಿಕೊಟ್ಟ ಅಳತೆಯಲ್ಲೇ ನಮ್ಮ ಡಿಪೋಗಳ ಲೆಕ್ಕ ಬೆಳೆದುಬಂದಿದೆ: ದಿನಕ್ಕೆ 8 ಗಂಟೆ, ವಾರಕ್ಕೆ 48. ಒಂದೇ ಸಮನೆ 5 ಗಂಟೆ ಮೀರುವ ಮೊದಲು ಕನಿಷ್ಠ ಅರ್ಧ ಗಂಟೆ ಬಿಡುವು. ಬೆಳಗ್ಗೆ ಬಂದ ಹೊತ್ತಿನಿಂದ ಮನೆಗೆ ಹೊರಡುವವರೆಗೆ ಒಟ್ಟು 12 ಗಂಟೆ ದಾಟುವಂತಿಲ್ಲ. ಇವತ್ತಿನ ಡ್ಯೂಟಿಗೂ ನಾಳೆಯದಕ್ಕೂ ನಡುವೆ 9 ಗಂಟೆ ಅಂತರ. ವಾರಕ್ಕೊಂದು ರಜೆ.

ಒಂದು ಫಸ್ಟ್ ಶಿಫ್ಟ್ ಹಾಕಿ ನೋಡೋಣ. ಡಿಪೋ ಹೆಬ್ಬಾಳದ ಹತ್ತಿರ. ಡ್ರೈವರ್ 5:40ಕ್ಕೆ ಸಹಿ ಹಾಕಿ ಟಯರು, ಬ್ರೇಕು, ಲೈಟು ನೋಡುತ್ತಾರೆ. ಕಂಡಕ್ಟರ್ ಮೆಷಿನ್ ತಗೊಳ್ಳುತ್ತಾರೆ. ಗೇಟಿನ ಸೆಕ್ಯುರಿಟಿ ಬಸ್ ನಂಬರ್, ಟೈಮು ಬರೆದುಕೊಂಡು ಬಿಡುತ್ತಾರೆ. 6ಕ್ಕೆ ಹೊರಟು 6:55ಕ್ಕೆ ಸಿಲ್ಕ್ ಬೋರ್ಡ್. 7:05ಕ್ಕೆ ಬಿಟ್ಟು 8:15ಕ್ಕೆ ಹೆಬ್ಬಾಳ. 8:25ಕ್ಕೆ ಬಿಟ್ಟು 9:45ಕ್ಕೆ ಮತ್ತೆ ಸಿಲ್ಕ್ ಬೋರ್ಡ್. ಇಲ್ಲಿ ತಿಂಡಿಗೆ ಅರ್ಧ ಗಂಟೆ ಕೊಡಲೇಬೇಕು. ಇನ್ನೊಂದು ಟ್ರಿಪ್ ಓಡಿಸಿದರೆ 5 ಗಂಟೆ ಮೀರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಬಸ್ಸೂ ಸಿಬ್ಬಂದಿಯೂ ಜೋಡಿ, ಡ್ರೈವರ್ ತಿಂಡಿಗೆ ಇಳಿದರೆ ಬಸ್ಸೂ ನಿಂತಿತು. ಅದಕ್ಕೇ ಎಲ್ಲರ ತಿಂಡಿಯನ್ನು ಒಂದೇ ಹೊತ್ತಿಗೆ ಇಡಬೇಡಿ.

10:15ಕ್ಕೆ ಹೊರಟು 11:25ಕ್ಕೆ ಹೆಬ್ಬಾಳ. 11:35ಕ್ಕೆ ಐದನೇ ಟ್ರಿಪ್, 12:35ಕ್ಕೆ ಸಿಲ್ಕ್ ಬೋರ್ಡ್. ಐದಕ್ಕೇ ಮುಗಿಸೋಣ ಅಂದರೆ ಬಸ್ಸು ಡಿಪೋ ಇಲ್ಲದ ತುದಿಯಲ್ಲಿ ನಿಂತಿದೆ. ಹಾಗಾಗಿ ಆರು ಟ್ರಿಪ್: 12:45ರಿಂದ 1:45. ಡಿಪೋಗೆ ಬಂದು, ಹಣ ಕಟ್ಟಿ, ಲೆಕ್ಕ ಒಪ್ಪಿಸಿ ಸಹಿ ಹಾಕುವ ಹೊತ್ತಿಗೆ 2:10. ಒಟ್ಟು ಎಂಟೂವರೆ ಗಂಟೆ, ತಿಂಡಿಯ ಅರ್ಧ ಗಂಟೆ ಕಳೆದರೆ ಸರಿಯಾಗಿ 8. ಹಾಳೆಯ ಮೇಲೆ ನೋಡಲು ಚೆಂದ. ದಾರಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಓ.ಟಿ. (ಓವರ್‌ಟೈಮ್) ಶುರು.

ಬೆಳಗ್ಗೆ, ಸಂಜೆ ಮಾತ್ರ ಓಡುವ ಆ 8 ಬಸ್ಸಿನ ಕಥೆ ಇನ್ನೂ ಕಷ್ಟ. 7:30ರಿಂದ 11, ಮತ್ತೆ 4:30ರಿಂದ 8:30 ಅಂತ ಒಂದೇ ಡ್ಯೂಟಿ ಹಾಕಿದರೆ ಕೆಲಸ ಏಳೂವರೆ ಗಂಟೆಯೇ, ಆದರೆ ಹರವು 13 ಗಂಟೆ. ಆಗುವುದಿಲ್ಲ. 8ಕ್ಕೆ ಶುರು ಮಾಡಿ 8ಕ್ಕೇ ಬಿಡಬೇಕು. ಕಾಯ್ದೆಗೆ ಇದು ಸರಿ, ಆದರೆ ಆ ಡ್ರೈವರ್ ಮಧ್ಯಾಹ್ನ ನಾಲ್ಕೈದು ಗಂಟೆ ಎಲ್ಲಿರಬೇಕು? ಮನೆ ನೆಲಮಂಗಲದ ಕಡೆ ಇದ್ದರೆ ಹೋಗಿ ಬರುವಷ್ಟರಲ್ಲೇ ಹೊತ್ತು ಮುಗಿಯುತ್ತದೆ. ಡಿಪೋದ ರೆಸ್ಟ್ ರೂಮಿನಲ್ಲಿ ಫ್ಯಾನು, ಮಂಚ ಇದೆಯೇ ಅಂತ ನೋಡದೆ ಸ್ಪ್ಲಿಟ್ ಡ್ಯೂಟಿ ಬರೆಯುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ.

6. ಹಳ್ಳಿ ರೂಟಾದರೆ

ಲೆಕ್ಕ ತಲೆಕೆಳಗು. ಅಲ್ಲಿ ಟೈಮ್ ಇಡುವುದು ಶಾಲೆ-ಕಾಲೇಜಿನ ಗಂಟೆ, ತಾಲ್ಲೂಕು ಕಚೇರಿ, ಸಂತೆಯ ದಿನ. ಬೆಳಗ್ಗೆ 6ಕ್ಕೆ ಹಳ್ಳಿಯಿಂದ ಪೇಟೆಗೆ ಬಸ್ಸು ಬೇಕು. ಡಿಪೋ ಇರುವುದು ಪೇಟೆಯಲ್ಲಿ. 4 ಗಂಟೆಗೆ ಖಾಲಿ ಬಸ್ಸು ಕಳಿಸುವ ಬದಲು ರಾತ್ರಿ ಕೊನೆಯ ಟ್ರಿಪ್ಪಿನಲ್ಲಿ ಜನರನ್ನು ಇಳಿಸಿ ಅಲ್ಲೇ ಹಾಲ್ಟ್ ಮಾಡಿಸುತ್ತಾರೆ. ಡೆಡ್ ಕಿಲೋಮೀಟರ್ ಪೂರಾ ಉಳಿಯಿತು. ಡ್ರೈವರ್, ಕಂಡಕ್ಟರ್ ಬಸ್ಸಿನಲ್ಲೇ ಸೀಟಿನ ಮೇಲೆ, ಇಲ್ಲವೇ ದೇವಸ್ಥಾನದ ಜಗುಲಿ ಮೇಲೆ ಮಲಗುತ್ತಾರೆ. ಊರವರು ಊಟ ಕೊಡುವುದೂ ಉಂಟು. ಅದನ್ನು ನಂಬಿ ಶೆಡ್ಯೂಲ್ ಹಾಕಬೇಡಿ, ಮಲಗುವ ಜಾಗ ಪಂಚಾಯಿತಿಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

7. ಜನ ಎಷ್ಟು ಬೇಕು, ಯಾರಿಗೆ ಯಾವುದು

ದಿನವಿಡೀ ಓಡುವ 10 ಬಸ್ಸಿಗೆ ಎರಡು ಶಿಫ್ಟ್, 20 ಡ್ರೈವರ್. ಉಳಿದ 8ಕ್ಕೆ 8. ದಿನಕ್ಕೆ 28. ವಾರದ ರಜೆ ಸೇರಿಸಲು ಏಳರಿಂದ ಗುಣಿಸಿ ಆರರಿಂದ ಭಾಗಿಸಿ: 33. ಜ್ವರ, ಮದುವೆ, ತರಬೇತಿಗೆ ಇನ್ನು ನಾಲ್ಕೈದು ಜನ ಕೈಯಲ್ಲಿರಬೇಕು. "18 ಬಸ್ಸಿಗೆ ಇಷ್ಟೊಂದು ಜನ ಯಾಕೆ?" ಅಂತ ಕೇಳುವವರಿಗೆ ಈ ಭಾಗಾಕಾರ ತೋರಿಸಿ.

ಆಮೇಲೆ ರೋಟಾ. ಒಂದು ವಾರ ಫಸ್ಟ್ ಶಿಫ್ಟ್, ಇನ್ನೊಂದು ವಾರ ಸೆಕೆಂಡ್. ಶಿಫ್ಟ್ ಬದಲಿಸುವುದನ್ನು ವಾರದ ರಜೆಯ ಆಚೆ ಈಚೆಗೆ ಇಡಿ. ರಾತ್ರಿ 10:20ಕ್ಕೆ ಸಹಿ ಹಾಕಿದವರನ್ನು ಮಾರನೇ ಬೆಳಗ್ಗೆ 7:20ಕ್ಕೆ ಮೊದಲು ಕರೆಯುವಂತಿಲ್ಲ. ಆ 9 ಗಂಟೆಯಲ್ಲಿ ಮನೆಗೆ ಹೋಗುವುದು, ಬರುವುದು, ಊಟ ಎಲ್ಲ ಸೇರಿದೆ, ಬರೀ ನಿದ್ದೆಯಲ್ಲ. ಯಾರಿಗೆ ಯಾವ ಶೆಡ್ಯೂಲ್ ಅನ್ನುವುದಕ್ಕೆ ಎಲ್ಲರೂ ನೋಡುವಂಥ ಒಂದು ನಿಯಮ ಇಟ್ಟುಕೊಳ್ಳಿ. ಹಿರಿತನದ ಮೇಲೆ ಕೌನ್ಸೆಲಿಂಗ್ ಮಾಡಿ ಆರಿಸಿಕೊಳ್ಳಲು ಬಿಡುವುದು ಒಂದು ರೀತಿ. ಇದು ಗುಟ್ಟಾಗಿ ನಡೆದರೆ ಒಳ್ಳೆಯ ರೂಟಿಗೆ ವಶೀಲಿ ಶುರುವಾಗುತ್ತದೆ.

ಇಷ್ಟನ್ನೂ ಕಂಪ್ಯೂಟರ್ ಮಾಡುತ್ತದೆ, ಪೆನ್ಸಿಲಿಗಿಂತ ಚೆನ್ನಾಗಿಯೇ ಮಾಡುತ್ತದೆ. ಆದರೆ ತುದಿಯ ನಿಲುಗಡೆಯನ್ನು ಸೊನ್ನೆ ಅಂತ ಕೊಟ್ಟರೆ ಅದೂ ತಕರಾರಿಲ್ಲದೆ ಸೊನ್ನೆ ಇಟ್ಟೇ ಉತ್ತರ ಕೊಡುತ್ತದೆ.

8. ಬೆಳಗ್ಗೆ 5 ಗಂಟೆಗೆ

ಇಬ್ಬರು ಬಂದಿಲ್ಲ, ಒಂದು ಬಸ್ಸು ಸ್ಟಾರ್ಟ್ ಆಗುತ್ತಿಲ್ಲ. ಮೊದಲು ಸ್ಪೇರ್ ಬಸ್ಸು, ಕೈಯಲ್ಲಿರುವ ಡ್ರೈವರ್‌ಗಳನ್ನು ಹಾಕಿ. ಸಾಲದಿದ್ದರೆ ಯಾವುದೋ ಟ್ರಿಪ್ ರದ್ದು ಮಾಡಬೇಕು. ಹತ್ತೇ ನಿಮಿಷಕ್ಕೆ ಇನ್ನೊಂದು ಬಸ್ಸಿರುವ ಕಡೆ ಕೈಬಿಡಿ. ದಿನದ ಮೊದಲ ಟ್ರಿಪ್, ಕೊನೆಯ ಟ್ರಿಪ್, ಶಾಲೆ ಮಕ್ಕಳ ಟ್ರಿಪ್ ಮುಟ್ಟಬೇಡಿ. ಪಕ್ಕಪಕ್ಕದ ಎರಡನ್ನು ಒಟ್ಟಿಗೆ ಕೀಳಬೇಡಿ, ಅರ್ಧ ಗಂಟೆಯ ತೂತು ಬೀಳುತ್ತದೆ. ರದ್ದಾದದ್ದನ್ನು ಕಾರಣದ ಸಮೇತ ಬರೆದಿಡಿ. ಒಂದೇ ಶೆಡ್ಯೂಲ್‌ನ ಅದೇ ಟ್ರಿಪ್ ತಿಂಗಳಲ್ಲಿ ಮತ್ತೆ ಮತ್ತೆ ರದ್ದಾಗುತ್ತಿದ್ದರೆ ಡ್ರೈವರನ್ನು ಕರೆದು ನೋಟಿಸ್ ಕೊಡುವ ಮೊದಲು ಎರಡನೇ ಹಂತಕ್ಕೆ ಹೋಗಿ, ಅಲ್ಲಿ ಬರೆದ ರನ್ನಿಂಗ್ ಟೈಮನ್ನು ಇನ್ನೊಮ್ಮೆ ನೋಡಿ.