ಅಲೈನ್‌ಮೆಂಟ್ ಅಳಿಸಿದ ಮೇಲೆ ನನ್ನ ಟೇಬಲ್

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅಂದರೆ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಆಡೋ ಆಟ; ನಮ್ಮಲ್ಲಿ ಕಥೆ ನಡೆಸೋದು ನಾನು. ಪಾತ್ರದ ವಿವರ ಬರೆಯೋ ಕ್ಯಾರೆಕ್ಟರ್ ಶೀಟಿನಿಂದ ಅಲೈನ್‌ಮೆಂಟ್, ಅಂದರೆ ಪಾತ್ರ ಒಳ್ಳೇದೋ ಕೆಟ್ಟದ್ದೋ, ನಿಯಮ ಪಾಲಿಸುತ್ತೋ ಇಲ್ವೋ ಅನ್ನೋ ಹಣೆಪಟ್ಟಿ, ಕಿತ್ತುಹಾಕ್ತೀನಿ ಅಂದಾಗ ಗುಂಪಿನ ಹಳಬರೆಲ್ಲ ನಕ್ಕರು. "ನಾಲ್ಕೇ ವಾರ, ಎಲ್ಲರೂ ಊರು ಸುಡೋ ಕೊಲೆಗಡುಕರಾಗ್ತಾರೆ" ಅಂದರು. ಹೆಚ್ಚುಕಮ್ಮಿ ಹದಿನೆಂಟು ತಿಂಗಳಾಯ್ತು. ಊರು ಸುಟ್ಟಿದ್ದು ಒಂದೇ ಸಲ, ಅದೂ ಅತ್ತುಕೊಂಡು. ಅವತ್ತು ನಕ್ಕವರಲ್ಲಿ ಒಬ್ಬರು ಈಗ ನನ್ನ ಟೇಬಲ್ಲಿನಲ್ಲೇ ಕ್ಲೆರಿಕ್, ಅಂದರೆ ಪೂಜಾರಿ ಪಾತ್ರ.

ಇದಕ್ಕೂ ಮೊದಲು ಚೆನ್ನಾಗಿಯೇ ಮುಗ್ಗರಿಸಿದ್ದೆ. ಆಟದ ನಿಯಮಪುಸ್ತಕ, 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್ಕಿನ ಒಂಬತ್ತು ಅಲೈನ್‌ಮೆಂಟ್ ಮನೆಗಳನ್ನು ದೊಡ್ಡ ಚಾರ್ಟ್ ಮಾಡಿ, ಭಿಕ್ಷೆ ಹಾಕಿದರೆ ಗುಡ್ ಕಡೆಗೆ ಒಂದು ಪಾಯಿಂಟ್, ಮಾತು ಮುರಿದರೆ ಕೆಯಾಟಿಕ್ (ನಿಯಮಕ್ಕೆ ಬಗ್ಗದ) ಕಡೆಗೆ ಒಂದು ಅಂತ ಇಟ್ಟೆ. ಲ್ಯಾಮಿನೇಷನ್ನು, ಮ್ಯಾಗ್ನೆಟ್ ಬೋರ್ಡು ಅಂತ ಸುಮಾರು ಎರಡು ಸಾವಿರ ಕೈಬಿಟ್ಟಿತು. ಮೂರನೇ ಸೆಷನ್ನಿಗೆ ನಮ್ಮ ರೋಗ್ (ಕಳ್ಳನ ಪಾತ್ರದವನು) ಒಂದು ಕೊಲೆಗೆ ಐದು ಭಿಕ್ಷೆ ಅಂತ ಪಾಪಪುಣ್ಯದ ಖಾತೆ ತೆರೆದ. ಬೋರ್ಡು ಈಗ ಅಡುಗೆಮನೆಯಲ್ಲಿ ದಿನಸಿ ಚೀಟಿ ಹಿಡ್ಕೊಂಡಿದೆ.

ಆಮೇಲೆ ಈ ಆಟದ ಅದೇ ಹಳೇ ಪ್ರಶ್ನೆ: ಗಾಬ್ಲಿನ್ ಅನ್ನೋ ಕುಳ್ಳ ರಾಕ್ಷಸರ ಮರಿಗಳನ್ನು ಕೊಲ್ಲಬೇಕೋ ಬಿಡಬೇಕೋ. ಗುಹೆ ಗೆದ್ದಾಯ್ತು, ಮೂಲೆಯಲ್ಲಿ ಆರು ಮರಿ. ಪ್ಯಾಲಡಿನ್ (ವ್ರತ ತೊಟ್ಟ ಯೋಧ) ಆಡ್ತಿದ್ದವನು ಮರಿಗಳು ಕೆಟ್ಟವೋ ಅಂತ ನೋಡೋಕೆ ಡಿಟೆಕ್ಟ್ ಈವಿಲ್ ಅಂಡ್ ಗುಡ್ ಅನ್ನೋ ಮಂತ್ರ ಬಳಸಿದ. ನಾವಾಡ್ತಿದ್ದದ್ದು 2014ರ ನಿಯಮ. ಅದರಲ್ಲಿ ಗಾಬ್ಲಿನ್ ಹ್ಯೂಮನಾಯ್ಡ್ (ಮನುಷ್ಯರ ತರದ ಜೀವಿ), ಆ ಸ್ಪೆಲ್ಲು ಫೀಂಡ್ (ನರಕದ ಪಿಶಾಚಿ), ಅನ್‌ಡೆಡ್ (ಸತ್ತೂ ಓಡಾಡೋವು) ತರದವನ್ನಷ್ಟೇ ಹಿಡಿಯುತ್ತೆ. ಮುಕ್ಕಾಲು ಗಂಟೆ ಪುಸ್ತಕ ತಿರುವಿದ್ದೇ ಬಂತು. ಮರಿಗಳನ್ನು ಯಾರೂ ನೋಡಲೇ ಇಲ್ಲ.

ಅವತ್ತೇ ಶೀಟಿನ ಮೇಲೆ ವೈಟ್ನರ್ ಎಳೆದೆ. ಹೊಸ ಕ್ಯಾಂಪೇನಿನ (ಹಲವು ಸೆಷನ್ ನಡೆಯೋ ಕಥೆಯ) ಸೆಷನ್ ಝೀರೋದಲ್ಲಿ, ಅಂದರೆ ಆಟಕ್ಕೆ ಮುಂಚಿನ ಮಾತುಕತೆಯಲ್ಲಿ, ನಲವತ್ತು ರೂಪಾಯಿಯ ಇಂಡೆಕ್ಸ್ ಕಾರ್ಡು ಹಂಚಿ, ಒಬ್ಬೊಬ್ಬರಿಂದ ಮೂರು ಸಾಲು ಬರೆಸಿಕೊಂಡೆ: ಯಾರ ಋಣದಲ್ಲಿದ್ದೀಯ, ಯಾವ ಮಾತು ಮುರಿಯಲ್ಲ, ಏನಾದರೂ ಸರಿ ಏನು ಮಾಡಲ್ಲ. ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ಬರೆಸಿದಾಗ ಎಲ್ಲರೂ ವಕೀಲರಾಗ್ತಿದ್ದರು. ಕಾರ್ಡು ವಾಪಸ್ ಕೊಡಲ್ಲ. ಒಳ್ಳೇದು-ಕೆಟ್ಟದ್ದರ ಜಗಳ ಕಟ್ಟೋ ಗೋಜಿಗೂ ಹೋಗಲ್ಲ. ಒಂದೇ ಕಾರ್ಡಿನ ಎರಡು ಸಾಲನ್ನು ಎದುರುಬದುರು ನಿಲ್ಲಿಸ್ತೀನಿ. ಹೊಸ ಪ್ಯಾಲಡಿನ್ ಬರೆದಿದ್ದು: ಕೊಟ್ಟ ಮಾತಿಗೆ ತಪ್ಪಲ್ಲ, ಶರಣು ಬಂದವರನ್ನು ಕೊಲ್ಲಲ್ಲ. ಕಥೆಯ ಊರಗೌಡನಿಗೆ ಅವನು "ಒಂದು ಗಾಬ್ಲಿನ್ನೂ ಉಳಿಯಲ್ಲ" ಅಂತ ಮಾತು ಕೊಡೋವರೆಗೂ ಕಾದೆ. ಆಮೇಲೆ ಮರಿಗಳನ್ನು ತಂದೆ. ಪುಸ್ತಕ ಯಾರೂ ಮುಟ್ಟಲಿಲ್ಲ. ಹತ್ತು ನಿಮಿಷ ಮಾತಿಲ್ಲ, ಟೀ ಆರಿಹೋಯ್ತು. ಕೊನೆಗೆ ಮರಿಗಳನ್ನು ಗೋಣಿಚೀಲದಲ್ಲಿ ಹೊತ್ತುಕೊಂಡು ಗೌಡನ ಮನೆಗೇ ಹೋಗಿ ತಪ್ಪೊಪ್ಪಿಕೊಂಡ. ಆ ಚಳಿಗಾಲವೆಲ್ಲ ಊರಿನ ಬಾಗಿಲು ಅವರಿಗೆ ಮುಚ್ಚಿತು.

ನಡುವೆ ಒಂದಿಷ್ಟು ಹುಚ್ಚಾಟವೂ ಆಯ್ತು. ತೀರ್ಮಾನಕ್ಕೆ ಒಂದು ನಿಮಿಷದ ಟೈಮರ್ ಇಟ್ಟೆ. ಎಲ್ಲರೂ ಕತ್ತಿಯನ್ನೇ ಎತ್ತಿದರು, ಬಿಟ್ಟೆ. ಚೌಕಾಬಾರಕ್ಕೆ ಉಜ್ಜಿಟ್ಟ ಹುಣಸೆಬೀಜವನ್ನು ಚೊಂಬಿಗೆ ಹಾಕಿಸಿ ಗುಟ್ಟಿನ ಮತ ತಗೊಂಡೆ. ಹೆಸರಿಲ್ಲದಿದ್ದರೆ ಕ್ಲೆರಿಕ್ ಕೂಡ ಕೊಲ್ಲು ಅಂತಾರೆ ಅಂತ ಗೊತ್ತಾಯ್ತು. ಅದು ನನ್ನ ನೋಟ್‌ಬುಕ್ಕಿನಲ್ಲಿ ಭದ್ರವಾಗಿದೆ.

ಯಾವ ಸಾಲನ್ನು ಎಷ್ಟನೇ ಸೆಷನ್ನಿಗೆ ಹೊರತೆಗೀಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ, ಅದನ್ನು ಇಲ್ಲಿ ಬಿಚ್ಚಲ್ಲ. ಊರು ಸುಟ್ಟದ್ದು ರೋಗ್‌ನ ಕಾರ್ಡಿನ ಎರಡನೇ ಸಾಲಿಗೆ. ಅದನ್ನೂ ಹೇಳಲ್ಲ. ಮೂರನೆಯದು ಇನ್ನೂ ಬಾಕಿ ಇದೆ, ಆ ಹುಡುಗ ಇದನ್ನು ಓದ್ತಾನೆ.