ಬಳಸಿದ ಹಾರ್ಸ್ ಮತ್ತು ಟ್ರೇಲರ್ ಕೊಂಡ ಬಗೆ: ನನ್ನ ಅನುಭವ

ಹೊಸಪೇಟೆಯಲ್ಲಿ ಒಂಬತ್ತು ವರ್ಷ ಹತ್ತು ಗಾಲಿಯ ಲಾರಿ ನಡೆಸಿದ ಮೇಲೆ, 2022ರಲ್ಲಿ ನಾನು ಮೊದಲ ಬಾರಿಗೆ ಬಳಸಿದ ಟ್ರೇಲರ್ ಗಾಡಿಯೊಂದನ್ನು ಕೊಂಡೆ. ತೋರಣಗಲ್ಲಿನಿಂದ ಬೆಂಗಳೂರಿಗೆ ಉಕ್ಕಿನ ಕಾಯಿಲ್ ಸಾಗಿಸುವ ಬಾಡಿಗೆ ಖಚಿತವಾಗಿತ್ತು. ಹೊಸ ಗಾಡಿಯ ಕಂತು ಕಟ್ಟುವಷ್ಟು ಶಕ್ತಿ ಮಾತ್ರ ನನಗಿರಲಿಲ್ಲ. ಇದೇ ದಾರಿ ಹಿಡಿಯಬೇಕೆಂದಿರುವವರು ಈಗ ನನ್ನನ್ನು ಕೇಳುವ ಪ್ರಶ್ನೆಗಳೆಲ್ಲ ಹಾರ್ಸಿನ, ಅಂದರೆ ಟ್ರೇಲರನ್ನು ಎಳೆಯುವ ಮುಂದಿನ ಇಂಜಿನ್ ಗಾಡಿಯ, ಸುತ್ತಲೇ ಇರುತ್ತವೆ: ಎಷ್ಟು ಕಿಲೋಮೀಟರ್ ಓಡಿರಬೇಕು, ಇಂಜಿನ್ ಬಿಚ್ಚಿಸಿದ್ದಾರೋ ಇಲ್ಲವೋ, ಬಿಎಸ್ 4 (ಹಿಂದಿನ ಹೊಗೆ ಮಾನದಂಡದ ಗಾಡಿ) ಕೊಳ್ಳಬಹುದೋ ಬಾರದೋ. ಆದರೆ ನನ್ನ ಹಣ ಮತ್ತು ದಿನಗಳು ಹೆಚ್ಚು ಖರ್ಚಾದದ್ದು ಹಿಂದಿನ ಟ್ರೇಲರಿಗಾಗಿ.

ಹಾರ್ಸ್ 2018ರ ಮಾರ್ಚ್ ತಿಂಗಳಲ್ಲಿ ನೋಂದಣಿಯಾದದ್ದು, ಟ್ರೇಲರ್ 2014ರದ್ದು. ಎರಡಕ್ಕೂ ಬೇರೆ ಬೇರೆ ಚಾಸಿ ಸಂಖ್ಯೆ, ಬೇರೆ ಬೇರೆ ಆರ್‌ಸಿ. ಸಾರಿಗೆ ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಬೇಕಾಗುವುದರಿಂದ, ನಾನು ಕೊಳ್ಳುವ ಹೊತ್ತಿಗೆ ಟ್ರೇಲರಿನದು ವಾರ್ಷಿಕ ಲೆಕ್ಕಕ್ಕೆ ಬಂದಿತ್ತು, ಹಾರ್ಸಿನದು ಬಂದಿರಲಿಲ್ಲ. ಮಾರುವವರು ತೋರಿಸಿದ ಎಫ್‌ಸಿ ಹಾರ್ಸಿನದು. ಟ್ರೇಲರಿನದು ಮುಗಿದು ಎರಡು ತಿಂಗಳಾಗಿತ್ತು.

ಹಾರ್ಸನ್ನು ನೋಡಲು ಬೆಳಿಗ್ಗೆ ಆರಕ್ಕೇ ಹೋದೆ, ಏಕೆಂದರೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮಾತ್ರ ಅದರ ನಿಜಸ್ಥಿತಿ ತಿಳಿಯುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಇಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಅಥವಾ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಆಯಿಲ್ ಹಾಕುವ ಮುಚ್ಚಳ ತೆಗೆದು, ಅಲ್ಲಿಂದ ಗಾಳಿ ಎಷ್ಟು ರಭಸದಿಂದ ಹೊರಬರುತ್ತದೆ ಎಂದು ಅಂಗೈ ಹಿಡಿದು ನೋಡಿದೆ. ಮೀಟರಿನ ಕಿಲೋಮೀಟರಿಗೆ ನಾನು ಬೆಲೆ ಕೊಡಲಿಲ್ಲ. ಪೆಡಲಿನ ರಬ್ಬರು, ಸೀಟು ಮತ್ತು ಸರ್ವೀಸ್ ಬಿಲ್ಲುಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂಬುದನ್ನಷ್ಟೇ ನೋಡಿದೆ. ಬಿಎಸ್ 4ರ ಕೆಲವು ಇಂಜಿನ್‌ಗಳಿಗೆ ಹೊಗೆಯನ್ನು ಶುದ್ಧಗೊಳಿಸಲು ಯೂರಿಯಾ ದ್ರಾವಣ ಬೇಕು. ಅದನ್ನು ಬೈಪಾಸ್ ಮಾಡಿಸಿದ ಗಾಡಿಯಾದರೆ ಬಿಡುವುದೇ ಒಳ್ಳೆಯದು. ಇಷ್ಟರಲ್ಲಿ ಹಾರ್ಸ್ ಒಪ್ಪಿಗೆಯಾಯಿತು.

ಅಲ್ಲಿಗೇ ಮುಂಗಡ ಕೊಡಲು ಹೊರಟಿದ್ದ ನನ್ನನ್ನು ತಡೆದವರು ಜೊತೆಗೆ ಬಂದಿದ್ದ ಹಿರಿಯ ಮಿಸ್ತ್ರಿ. "ತಮ್ಮಾ, ಜೋಡಿಸಿ ನಿಲ್ಲಿಸಿದ ಗಾಡಿ ನೋಡಿ ರೊಕ್ಕ ಕೊಡಬ್ಯಾಡ, ಮೊದಲು ಬಿಚ್ಚಿಸು" ಎಂದರು. ಬಿಚ್ಚುವ ಮುನ್ನ ಅವರು ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿದು, ಹಾರ್ಸನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ ತೋರಿಸಿದರು. ಪ್ರತಿ ಸಲವೂ ಫಿಫ್ತ್ ವೀಲಿನಿಂದ (ಹಾರ್ಸಿನ ಮೇಲೆ ಟ್ರೇಲರ್ ಕೂರುವ ತಟ್ಟೆ) ಟಕ್ ಎಂಬ ಸದ್ದು ಬರುತ್ತಿತ್ತು. ಬೇರ್ಪಡಿಸಿ ಗ್ರೀಸ್ ಒರೆಸಿ ಅಳೆದಾಗ, ಹೊಸದಿದ್ದಾಗ 50.8 ಮಿ.ಮೀ. ವ್ಯಾಸವಿರಬೇಕಾದ ಕಿಂಗ್ ಪಿನ್ ಸವೆದು 49 ಮಿ.ಮೀ.ಗಿಂತಲೂ ಕಡಿಮೆಯಾಗಿತ್ತು, ಅಂದರೆ ಬದಲಿಸಲೇಬೇಕಾದ ಸ್ಥಿತಿ. ಇಡೀ ಟ್ರೇಲರನ್ನು ಹಾರ್ಸಿಗೆ ಹಿಡಿದಿಡುವುದು ಈ ಒಂದು ಪಿನ್ನು, ಮತ್ತು ಜೋಡಿಸಿ ನಿಲ್ಲಿಸಿದ ಗಾಡಿಯಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ.

ಬಳಿಕ ಟ್ರೇಲರಿನ ಉದ್ದಕ್ಕೂ ಹುರಿ ಎಳೆದು ನೋಡಿದೆವು. ಖಾಲಿ ಟ್ರೇಲರಿನ ತೊಲೆಗಳು ನಡುವೆ ತುಸು ಮೇಲಕ್ಕೆ ಉಬ್ಬಿರುವಂತೆ ಮಾಡಿರುತ್ತಾರೆ. ಮಟ್ಟಸವಾಗಿದ್ದರೆ ಅಥವಾ ತಗ್ಗಿದ್ದರೆ ಮಿತಿಮೀರಿ ಹೇರಿದ್ದಾರೆಂದು ತಿಳಿಯಬೇಕು. ನಮ್ಮದರಲ್ಲಿ ಉಬ್ಬು ಉಳಿದಿತ್ತು. ಆದರೆ ಮೊದಲ ಆಕ್ಸಲಿನ ಎರಡು ತುದಿಗಳಿಗೂ ಕಿಂಗ್ ಪಿನ್ನಿನಿಂದ ಟೇಪು ಹಿಡಿದಾಗ, ಎಡಕ್ಕೂ ಬಲಕ್ಕೂ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ ಬಂತು. ಬಲಬದಿಯ ಟೈರುಗಳ ಒಳ ಅಂಚು ಮಾತ್ರ ಸವೆದಿದ್ದರ ಕಾರಣ ಆಗ ಹೊಳೆಯಿತು. ಹಾರ್ಸಿಗೆ 6, ಟ್ರೇಲರಿಗೆ 12, ಒಟ್ಟು 18 ಟೈರುಗಳ ಗಾಡಿಯಲ್ಲಿ ಆಕ್ಸಲ್ ಓರೆಯಾಗಿದ್ದರೆ ಡೀಸೆಲ್ ಬಿಟ್ಟರೆ ಅತಿದೊಡ್ಡ ಖರ್ಚು ಟೈರಿನದೇ ಆಗುತ್ತದೆ. ಏರ್ ತುಂಬಿಸಿ, ಇಂಜಿನ್ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದಾಗ ಟ್ರೇಲರಿನ ಬ್ರೇಕಿಗೆ ಗಾಳಿ ಹಾಯಿಸುವ ರಿಲೇ ವಾಲ್ವಿನಲ್ಲೂ ಸೋರಿಕೆ ಕಂಡಿತು. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟ ಮೇಲೆ, 17 ಲಕ್ಷ ಕೇಳಿದ್ದವರು 15 ಲಕ್ಷದ 40 ಸಾವಿರಕ್ಕೆ ಒಪ್ಪಿದರು. ರಿಪೇರಿಗೆ ನನಗೆ 1 ಲಕ್ಷದ 10 ಸಾವಿರ ಹಿಡಿಯಿತು.

ತೂಕದ ವಿಷಯದಲ್ಲಿ ಬ್ರೋಕರ್ ಹೇಳಿದ ಮಾತನ್ನು ನಾನು ನಂಬಲಿಲ್ಲ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನು ಹೆಚ್ಚಿಸಿದ್ದರಿಂದ ಈ ಮಾದರಿಯ ಗಾಡಿ 45.5 ಟನ್‌ವರೆಗೆ ಹೋಗಬಹುದೆಂದು ಅವರು ಹೇಳಿದರು. ಆದರೆ ಈ ಹಾರ್ಸ್ ಅದಕ್ಕಿಂತ ಮೊದಲು ನೋಂದಣಿಯಾದದ್ದು, ಆರ್‌ಸಿಯಲ್ಲಿದ್ದದ್ದು 40,200 ಕೆ.ಜಿ. ಖಾಲಿ ಹಾರ್ಸ್ ಮತ್ತು ಟ್ರೇಲರಿನ ತೂಕ ಸುಮಾರು 14 ಟನ್ ಕಳೆದರೆ ಸರಕಿಗೆ ಉಳಿಯುವುದು 26 ಟನ್ ಮಾತ್ರ. ಬಾಡಿಗೆಯ ಲೆಕ್ಕವನ್ನೂ ಕಂತಿನ ಲೆಕ್ಕವನ್ನೂ ನಾನು ಆ 26 ಟನ್ನಿನ ಮೇಲೆಯೇ ಹಾಕಿದೆ. ಓವರ್‌ಲೋಡ್ ಸಿಕ್ಕಿಬಿದ್ದರೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000 ಎಂದು ಕಾನೂನಿದೆ. ದಂಡಕ್ಕಿಂತಲೂ, ಘಾಟಿ ಇಳಿಯುವಾಗ ಬ್ರೇಕ್ ತಡೆಯದಿದ್ದರೆ ಸಾಯುವವರು ನಮ್ಮ ಡ್ರೈವರೂ ಎದುರಿನವರೂ ಎಂಬುದು ನನ್ನ ಮನಸ್ಸಿನಲ್ಲಿತ್ತು.

ಕಾಗದಪತ್ರಗಳಲ್ಲಿಯೂ ತೊಡಕು ಬಂದದ್ದು ಟ್ರೇಲರಿನಿಂದಲೇ. ಹಾರ್ಸಿನ ಸಾಲ ತೀರಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಸಿದ್ಧವಾಗಿತ್ತು. ಟ್ರೇಲರಿಗೆ ಮಾತ್ರ ಬೇರೊಂದು ಫೈನಾನ್ಸಿನಲ್ಲಿ ಸಾಲ ಪಡೆದಿದ್ದ ಸಂಗತಿ ಆರ್‌ಸಿಯಲ್ಲಿ ಹೈಪೋಥಿಕೇಶನ್ (ಸಾಲದ ಅಡಮಾನ) ಎಂಬ ಸಾಲನ್ನು ಓದಿದಾಗಷ್ಟೇ ತಿಳಿಯಿತು. ಕಂತುಗಳೆಲ್ಲ ತೀರಿದ್ದರೂ ಅವರು ಎನ್‌ಒಸಿ ಕೊಡಲು ಐದು ವಾರ ಸತಾಯಿಸಿದರು. ಅದಕ್ಕಾಗಿಯೇ ನಾನು 2 ಲಕ್ಷವನ್ನು ತಡೆಹಿಡಿದು, ಹಾಗೆಂದು ಕರಾರು ಪತ್ರದಲ್ಲಿ ಬರೆಸಿದ್ದೆ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಎರಡು ಗಾಡಿಗೂ ಪ್ರತ್ಯೇಕವಾಗಿ ಸಹಿ ಮಾಡಿಸಿಕೊಂಡು, ವಿಮೆಯನ್ನು ನನ್ನ ಹೆಸರಿಗೆ ವರ್ಗಾಯಿಸಲು 14 ದಿನಗಳೊಳಗೆ ಅರ್ಜಿ ಕೊಟ್ಟೆ. ಹಳೆಯ ಮಾಲೀಕರ ಫಾಸ್ಟ್ಯಾಗನ್ನು ಮುಚ್ಚಿಸಿ ಹೊಸದನ್ನು ಅಂಟಿಸಿದೆ, ಬಾಕಿ ಇದ್ದ ಚಲನ್‌ಗಳನ್ನು ಅವರಿಂದಲೇ ಕಟ್ಟಿಸಿದೆ.

ಟ್ರೇಲರಿನ ಆರ್‌ಸಿ ನನ್ನ ಹೆಸರಿಗೆ ಬಂದ ದಿನ ಉಳಿದ 2 ಲಕ್ಷವನ್ನು ಅವರ ಖಾತೆಗೆ ಹಾಕಿ, ಪೇಂಟರನ್ನು ಕರೆಸಿ ಟ್ರೇಲರಿನ ಹಿಂಬದಿಯಲ್ಲಿ ಅದರ ಸಂಖ್ಯೆಯ ಜೊತೆಗೆ ಹಾರ್ಸಿನ ಸಂಖ್ಯೆಯನ್ನೂ ಬರೆಸಿದೆ. ಮೊದಲ ಲೋಡಿಗೆ ನಾನೇ ಡ್ರೈವರ್ ಜೊತೆ ಹೋದೆ. ಚಿತ್ರದುರ್ಗ ದಾಟಿ ಹಿರಿಯೂರಿನಲ್ಲಿ ನಿಲ್ಲಿಸಿ, ಟ್ರೇಲರಿನ ಆರೂ ಹಬ್ಬುಗಳನ್ನು (ಗಾಲಿಯ ನಡುಭಾಗ) ಕೈಯಿಂದ ಮುಟ್ಟಿ, ಯಾವುದೂ ಅತಿಯಾಗಿ ಕಾದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಊಟಕ್ಕೆ ಕುಳಿತೆವು.