ಲ್ಯಾಪ್‌ಟಾಪ್‌ಗೆ ನೆಟ್ ಬರುತ್ತದೆ, ಕೇಬಲ್‌ನ ಆ ತುದಿಗೆ ಬರುವುದಿಲ್ಲ

ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದ ಮನೆಗಳಲ್ಲಿ ನಾನು ಹೆಚ್ಚಾಗಿ ನೋಡುವ ವ್ಯವಸ್ಥೆ ಇದು. ಸಿಗ್ನಲ್ ಸಿಗುವುದು ಉಪ್ಪರಿಗೆಯ ಒಂದೇ ಕಿಟಕಿಯಲ್ಲಿ. ಅಲ್ಲಿ ಫೋನ್ ಇಟ್ಟು ಹಾಟ್‌ಸ್ಪಾಟ್ ಹಾಕುತ್ತಾರೆ, ಪಕ್ಕದಲ್ಲಿರುವ ಲ್ಯಾಪ್‌ಟಾಪ್ ಅದನ್ನು ವೈಫೈಯಲ್ಲಿ ಹಿಡಿಯುತ್ತದೆ. ಕೆಳಗೆ ಜಗುಲಿಗೆ ತಾಗಿದ ಕೋಣೆಯಲ್ಲಿ ಅಡಿಕೆ ಲೆಕ್ಕದ ಹಳೇ ಡೆಸ್ಕ್‌ಟಾಪ್. ಅದಕ್ಕೆ ವೈಫೈ ಇಲ್ಲ. ಲ್ಯಾಪ್‌ಟಾಪ್‌ನಿಂದ ಅದಕ್ಕೆ ಲ್ಯಾನ್ ಕೇಬಲ್ ಎಳೆದು ನೆಟ್ ಇಳಿಸಬೇಕು.

ಡೆಸ್ಕ್‌ಟಾಪ್‌ಗೇ ಒಂದು ವೈಫೈ ಡಾಂಗಲ್ ಹಾಕಿದರೆ ಆಗದೇ ಎಂದರೆ, ಸಿಗ್ನಲ್ ಅಲ್ಲಿವರೆಗೆ ಬಂದರೆ ಅದೇ ಒಳ್ಳೆಯದು, ಈ ರಗಳೆಯೇ ಬೇಡ. ಆದರೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಎರಡು ಅಡ್ಡ ಬಂದರೆ ಫೋನಿನ ಹಾಟ್‌ಸ್ಪಾಟ್ ಅಲ್ಲಿಗೇ ಮುಗಿಯಿತು.

ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ನಿಂತರೆ ಯಾರೂ ನಲ್ಲಿ ತಿರುಗಿಸುತ್ತಾ ಕೂರುವುದಿಲ್ಲ, ಮೇಲಿನಿಂದ ಜಾಯಿಂಟ್ ನೋಡುತ್ತಾ ಇಳಿಯುತ್ತಾರೆ. ನೆಟ್ ವಿಷಯದಲ್ಲಿ ಮಾತ್ರ ಎಲ್ಲರೂ ನಲ್ಲಿಯನ್ನೇ ತಿರುಗಿಸುತ್ತಾರೆ: ರೀಸ್ಟಾರ್ಟ್, ಮತ್ತೆ ರೀಸ್ಟಾರ್ಟ್. ನಾನು ಮೊದಲು ನೋಡುವುದು ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕ್‌ನಲ್ಲಿ ಪ್ರತಿ ಯಂತ್ರಕ್ಕೂ ಇರುವ ಅಂಕಿಯ ವಿಳಾಸ. ನೆಟ್ ಎಲ್ಲಿ ಕಟ್ಟಿದೆ ಎಂದು ಬಹುಪಾಲು ಅದೇ ಹೇಳಿಬಿಡುತ್ತದೆ.

ಮೊದಲು ಹಂಚಿಕೆ, ಅಂದರೆ ಲ್ಯಾಪ್‌ಟಾಪ್‌ಗೆ ಬಂದ ನೆಟ್ಟನ್ನು ಕೇಬಲ್‌ಗೆ ಬಿಡುವ ವಿಂಡೋಸ್ ಸೌಲಭ್ಯ, ಸರಿಯಾಗಿ ಹಾಕುವುದು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎನ್‌ಸಿಪಿಎ ಡಾಟ್ ಸಿಪಿಎಲ್ ಎಂದು ಹೊಡೆದರೆ ನೆಟ್‌ವರ್ಕ್ ಅಡಾಪ್ಟರ್‌ಗಳ ಪಟ್ಟಿ ತೆರೆಯುತ್ತದೆ. ನೆಟ್ ಬರುತ್ತಿರುವ ಅಡಾಪ್ಟರ್, ಅಂದರೆ ವೈಫೈ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್ ಟ್ಯಾಬ್. ಅಲ್ಲಿನ ಮೊದಲ ಚೌಕಕ್ಕೆ ಟಿಕ್. ಕೊಡಬೇಕಾದ ಕಡೆಯ ಅಡಾಪ್ಟರ್ ಮೇಲೆ, ಅಂದರೆ ಈಥರ್ನೆಟ್ (ಲ್ಯಾನ್ ಪೋರ್ಟ್) ಮೇಲೆ ಟಿಕ್ ಹಾಕಿ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ. ಅದು ಉಲ್ಟಾ. ಶೇರಿಂಗ್ ಟ್ಯಾಬೇ ಕಾಣದಿದ್ದರೆ ಆ ಯಂತ್ರಕ್ಕೆ ಒಂದೇ ಅಡಾಪ್ಟರ್ ಕಾಣುತ್ತಿದೆ ಎಂದರ್ಥ, ಲ್ಯಾನ್ ಡ್ರೈವರ್ ನೋಡಿ.

ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ ಅಥವಾ ವರ್ಚುವಲ್‌ಬಾಕ್ಸ್ ಥರದ್ದು ಇದ್ದರೆ, ನೆಟ್ ಯಾವ ಕಡೆಗೆ ಕೊಡಬೇಕು ಎಂದು ಕೇಳುವ ಇನ್ನೊಂದು ಪಟ್ಟಿ ಕೆಳಗೆ ಬರುತ್ತದೆ. ಅದರಲ್ಲಿ ತಪ್ಪು ಹೆಸರು ಆಯ್ಕೆಯಾಗಿದ್ದರೆ ನೆಟ್ ಕೇಬಲ್ ಬಿಟ್ಟು ಬೇರೆಲ್ಲಿಗೋ ಹರಿಯುತ್ತಿರುತ್ತದೆ. ಕೇಬಲ್ ಕಿತ್ತಾಗ ಯಾವ ಅಡಾಪ್ಟರ್ ಮೇಲೆ ಕೆಂಪು ಗುಣಾಕಾರ ಚಿಹ್ನೆ ಬೀಳುತ್ತದೋ ಅದೇ ನಿಮ್ಮ ಈಥರ್ನೆಟ್, ಅದನ್ನೇ ಆರಿಸಿ. ಎರಡು ಅಡಾಪ್ಟರ್ ಆರಿಸಿ ಬ್ರಿಡ್ಜ್ ಮಾಡುವ, ಅಂದರೆ ಎರಡನ್ನೂ ಒಂದೇ ನೆಟ್‌ವರ್ಕ್ ಆಗಿ ಬೆಸೆಯುವ ದಾರಿಯನ್ನು ಇಲ್ಲಿ ಹಿಡಿಯಬೇಡಿ. ವೈಫೈ ಕೊಡುವ ಸಾಧನ ತನ್ನ ಬಳಿ ದಾಖಲಾದ ಕಾರ್ಡಿನ ಮ್ಯಾಕ್ ಅಡ್ರೆಸ್‌ನಿಂದ (ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಇರುವ ಗುರುತಿನ ಸಂಖ್ಯೆಯಿಂದ) ಬಂದದ್ದನ್ನಷ್ಟೇ ಒಪ್ಪುತ್ತದೆ. ಹಿಂದೆ ನಿಂತ ಡೆಸ್ಕ್‌ಟಾಪ್‌ನ ಅಡ್ರೆಸ್ ಅದಕ್ಕೆ ಅಪರಿಚಿತ.

ಟಿಕ್ ಸರಿಯಾಗಿ ಬಿದ್ದರೆ ಲ್ಯಾಪ್‌ಟಾಪ್‌ನ ಈಥರ್ನೆಟ್‌ಗೆ 192.168.137.1 ಎಂಬ ಅಡ್ರೆಸ್ ತಾನಾಗಿ ಬರುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಹೊಡೆದು ಇದನ್ನು ಕಣ್ಣಾರೆ ನೋಡಬೇಕು. ಎಕ್ಸ್‌ಪಿ ಕಾಲದಲ್ಲಿ ಇದು 192.168.0.1 ಇತ್ತು, ಹಳೇ ಸಲಹೆ ಓದಿ ಅದನ್ನು ಹುಡುಕಬೇಡಿ. ಈ ಅಡ್ರೆಸ್ ಬಂದಿಲ್ಲವೆಂದರೆ ದೋಷ ಲ್ಯಾಪ್‌ಟಾಪ್‌ನಲ್ಲೇ ಇದೆ, ಡೆಸ್ಕ್‌ಟಾಪ್ ಮುಟ್ಟುವ ಅಗತ್ಯವಿಲ್ಲ. ಸರ್ವಿಸಸ್ ಪಟ್ಟಿಯಲ್ಲಿ (ವಿಂಡೋಸ್ ಹಿನ್ನೆಲೆಯಲ್ಲಿ ಓಡಿಸುವ ಕೆಲಸಗಳ ಪಟ್ಟಿ) ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಎಂಬುದು ಓಡುತ್ತಿದೆಯೇ ನೋಡಿ. ಹಾಗೆಯೇ ವಿಂಡೋಸ್ ಫೈರ್‌ವಾಲ್ ಸರ್ವಿಸ್ ಕೂಡ. ಸ್ಪೀಡ್ ಬರಲಿ ಎಂದು ಅದನ್ನು ಡಿಸೇಬಲ್ ಮಾಡಿದ ಯಂತ್ರಗಳಲ್ಲಿ ಹಂಚಿಕೆ ನಡೆಯುವುದೇ ಇಲ್ಲ.

ಈಗ ಕೆಳಗೆ, ಡೆಸ್ಕ್‌ಟಾಪ್ ಹತ್ತಿರ. ಕೇಬಲ್ ಸಿಕ್ಕಿಸಿದಾಗ ಪೋರ್ಟಿನ ದೀಪ ಹತ್ತಬೇಕು. ಕ್ರಾಸ್ ಕೇಬಲ್ ಬೇಕಿಲ್ಲ, ಈಗಿನ ಗಿಗಾಬಿಟ್ ಪೋರ್ಟ್ ಒಂದು ತುದಿಯಲ್ಲಿದ್ದರೂ ಸಾದಾ ಕೇಬಲ್ ಸಾಕು. ದೀಪ ಹತ್ತಿತು, ಐಪಿಕಾನ್ಫಿಗ್ ಹೊಡೆದಿರಿ. ಅಲ್ಲಿ ಮೂರರಲ್ಲಿ ಒಂದು ಕಾಣುತ್ತದೆ.

192.168.137 ರಿಂದ ಶುರುವಾಗುವ ಅಡ್ರೆಸ್ ಇದ್ದರೆ ಕೇಬಲ್, ಹಂಚಿಕೆ ಎರಡೂ ಸರಿ, ತೊಂದರೆ ಅದರಿಂದ ಮುಂದೆ. ಬೇರೆ ಯಾವುದೋ ಅಡ್ರೆಸ್, ಉದಾಹರಣೆಗೆ 192.168.1.20 ಇದ್ದರೆ, ಹಿಂದೆ ಯಾರೋ ರೂಟರ್‌ಗೆ ಜೋಡಿಸುವಾಗ ಕೈಯಿಂದ ಬರೆದು ಹೋಗಿದ್ದಾರೆ. ಐಪಿವಿ4 ಪ್ರಾಪರ್ಟೀಸ್‌ಗೆ ಹೋಗಿ ಐಪಿ, ಡಿಎನ್‌ಎಸ್ (ಸೈಟಿನ ಹೆಸರಿಗೆ ಅಡ್ರೆಸ್ ಹುಡುಕಿಕೊಡುವ ಸರ್ವರ್) ಎರಡನ್ನೂ ಆಟೋಮ್ಯಾಟಿಕ್ ಮಾಡಿ.

ಮೂರನೆಯದೇ ಹೆಚ್ಚು ಕಾಡುವುದು: 169.254 ರಿಂದ ಶುರುವಾಗುವ ಅಡ್ರೆಸ್. ಡೆಸ್ಕ್‌ಟಾಪ್ ಅಡ್ರೆಸ್ ಕೇಳಿತು, ಯಾರೂ ಕೊಡಲಿಲ್ಲ, ತಾನೇ ಒಂದು ಇಟ್ಟುಕೊಂಡಿತು ಎಂದರ್ಥ. ಆಗ ನಾನು ಕೈಯಿಂದ ಬರೆದು ಪರೀಕ್ಷೆ ಮಾಡುತ್ತೇನೆ: ಐಪಿ 192.168.137.50, ಮಾಸ್ಕ್ 255.255.255.0, ಗೇಟ್‌ವೇ 192.168.137.1, ಡಿಎನ್‌ಎಸ್ 8.8.8.8. ಆಮೇಲೆ ಪಿಂಗ್ 8.8.8.8, ಅಂದರೆ ಗೂಗಲ್‌ನ ಆ ಸರ್ವರ್‌ಗೆ ಇದ್ದೀಯಾ ಎಂದು ಕೇಳುವ ಕಮಾಂಡ್. ಉತ್ತರ ಬಂದರೆ ಹಂಚಿಕೆ ನಡೆಯುತ್ತಿದೆ, ಅಡ್ರೆಸ್ ಕೊಡುವ ಕೆಲಸ ಮಾತ್ರ ಕೆಟ್ಟಿದೆ. ಇದಕ್ಕೆ ಸಾಮಾನ್ಯ ಕಾರಣ ಲ್ಯಾಪ್‌ಟಾಪ್‌ನಲ್ಲಿ ಬೇರೆಯಾಗಿ ಹಾಕಿಸಿಕೊಂಡ ಆ್ಯಂಟಿವೈರಸ್‌ನ ಫೈರ್‌ವಾಲ್. ಅಡ್ರೆಸ್ ಕೇಳುವ ಯುಡಿಪಿ 67ನೇ ಪೋರ್ಟನ್ನೇ ಅದು ಮುಚ್ಚಿರುತ್ತದೆ. ಐದು ನಿಮಿಷ ಅದನ್ನು ನಿಲ್ಲಿಸಿ ನೋಡಿದರೆ ಖಾತ್ರಿಯಾಗುತ್ತದೆ. ಆಮೇಲೆ ಅದರ ಸೆಟ್ಟಿಂಗ್‌ನಲ್ಲಿ ಈಥರ್ನೆಟ್ ಅನ್ನು ನಂಬಿಕೆಯ ನೆಟ್‌ವರ್ಕ್ ಎಂದು ಗುರುತಿಸಿ. ಪೂರ್ತಿ ಕಿತ್ತುಹಾಕಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ. 192.168.137.1ಗೆ ಪಿಂಗ್ ಮಾಡಿ ಉತ್ತರ ಬರಲಿಲ್ಲವೆಂದು ಕೇಬಲ್ ಬದಲಿಸಲು ಓಡಬೇಡಿ. ಪಬ್ಲಿಕ್ ಎಂದು ಗುರುತಾದ ನೆಟ್‌ವರ್ಕ್‌ನಲ್ಲಿ ವಿಂಡೋಸ್ ಸಾಮಾನ್ಯವಾಗಿ ಪಿಂಗ್‌ಗೆ ಬಾಯಿಬಿಡುವುದಿಲ್ಲ. ಅದಕ್ಕೇ ನಾನು ನೇರವಾಗಿ 8.8.8.8 ಕೇಳುವುದು.

8.8.8.8 ಉತ್ತರ ಕೊಡುತ್ತಿದೆ, ಆದರೂ ಬ್ರೌಸರ್‌ನಲ್ಲಿ ಯಾವ ಸೈಟೂ ತೆರೆಯುತ್ತಿಲ್ಲ ಎಂದರೆ ಎರಡು ಸಾಧ್ಯತೆ. ಒಂದು ಡಿಎನ್‌ಎಸ್. ಐಪಿ ಆಟೋಮ್ಯಾಟಿಕ್ ಇರಲಿ, ಡಿಎನ್‌ಎಸ್ ಮಾತ್ರ ಕೈಯಿಂದ 8.8.8.8, 1.1.1.1 ಎಂದು ಬರೆಯಿರಿ. ಎರಡನೆಯದನ್ನು ಇಲ್ಲಿನ ಮಳೆಗಾಲವೇ ಕಲಿಸಿದ್ದು. ಕರೆಂಟ್ ವಾರಗಟ್ಟಲೆ ಹೋಗಿಬಂದು ಮಾಡುವ ಮನೆಗಳಲ್ಲಿ ಹಳೇ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಸೆಲ್ ಸತ್ತಿರುತ್ತದೆ. ಆನ್ ಮಾಡಿದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದರೆ ಸೈಟಿನ ಭದ್ರತಾ ಸರ್ಟಿಫಿಕೇಟ್ ಹೊಂದುವುದಿಲ್ಲ, ಬ್ರೌಸರ್ ಬಾಗಿಲು ಹಾಕುತ್ತದೆ, ನೋಡಿದವರು ನೆಟ್ ಇಲ್ಲ ಅನ್ನುತ್ತಾರೆ. ಪರದೆಯ ಬಲ ಮೂಲೆಯ ಗಡಿಯಾರ ನೋಡುವುದಕ್ಕೆ ಎರಡು ಸೆಕೆಂಡ್ ಸಾಕು. ಸೆಲ್ ಸಾಮಾನ್ಯವಾಗಿ ಸಿಆರ್ 2032, 3 ವೋಲ್ಟ್, ಬಟನ್ ಆಕಾರದ್ದು.

ನಿನ್ನೆ ಸರಿಯಿತ್ತು, ಇವತ್ತು ಇಲ್ಲ ಎಂಬ ದೂರಿಗೆ ಬೇರೆ ಮದ್ದು. ವಿಂಡೋಸ್ 10ರಲ್ಲಿ ಈ ಹಂಚಿಕೆಯಲ್ಲಿ 4 ನಿಮಿಷ ಏನೂ ಓಡಾಡದಿದ್ದರೆ ಸರ್ವಿಸ್ ತಾನಾಗಿ ಮಲಗುತ್ತದೆ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಆದ ಮೇಲೆ ತಾನಾಗಿ ಏಳುವುದಿಲ್ಲ. ಟಿಕ್ ಮಾತ್ರ ಹಾಗೇ ಕಾಣುತ್ತಿರುತ್ತದೆ. ಟಿಕ್ ತೆಗೆದು ಓಕೆ, ಮತ್ತೆ ಹಾಕಿ ಓಕೆ ಕೊಟ್ಟರೆ ಆ ಹೊತ್ತಿಗೆ ನಡೆಯುತ್ತದೆ. ಪಕ್ಕಾ ಮಾಡಬೇಕೆಂದರೆ ಶೇರಿಂಗ್ ಸರ್ವಿಸ್‌ನ ಸ್ಟಾರ್ಟಪ್ ಟೈಪ್ ಆಟೋಮ್ಯಾಟಿಕ್ ಮಾಡಿ. ಜೊತೆಗೆ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಕಡೆ) ಎಚ್‌ಕೀ ಲೋಕಲ್ ಮಷಿನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಶೇರ್ಡ್‌ಆಕ್ಸೆಸ್ ವರೆಗೆ ಹೋಗಿ (ಕೊನೆಯ ಫೋಲ್ಡರ್ ಇಲ್ಲದಿದ್ದರೆ ಮಾಡಿಕೊಳ್ಳಿ), ಎನೇಬಲ್‌ರೀಬೂಟ್‌ಪರ್ಸಿಸ್ಟ್‌ಕನೆಕ್ಷನ್ ಎಂಬ ಡಿ-ವರ್ಡ್ (ಅಂಕಿಯ ನಮೂದು) ಸೇರಿಸಿ ಬೆಲೆ 1 ಕೊಡಿ. ಇಂಗ್ಲಿಷ್‌ನಲ್ಲಿ ಆ ಹೆಸರಿನ ನಡುವೆ ಎಲ್ಲೂ ಜಾಗ ಬಿಡಬಾರದು.

ಫೋನನ್ನು ವೈಫೈ ಬದಲು ಯುಎಸ್‌ಬಿ ಟೆಥರಿಂಗ್‌ನಲ್ಲಿ ಹಾಕಿದರೆ ಫೋನ್ ಚಾರ್ಜೂ ಆಗುತ್ತದೆ, ಅದು ಲಾಭ. ಆದರೆ ಪ್ರತಿ ಸಲ ಕಿತ್ತು ಹಾಕಿದಾಗ ವಿಂಡೋಸ್ ಅದನ್ನು ಹೊಸ ಅಡಾಪ್ಟರ್ ಎಂದು ತಿಳಿದರೆ ಶೇರಿಂಗ್ ಟಿಕ್ ಹಳೆಯದರ ಮೇಲೇ ಉಳಿಯುತ್ತದೆ. ದಿನಕ್ಕೆ ನಾಲ್ಕು ಸಲ ಫೋನ್ ತೆಗೆದುಕೊಂಡು ತೋಟಕ್ಕೆ ಹೋಗುವವರಿಗೆ ವೈಫೈಯೇ ಸಲೀಸು.

ಇನ್ನೊಂದು ಅಪರೂಪದ ಗಂಟು: ಲ್ಯಾಪ್‌ಟಾಪ್ ನೆಟ್ ಹಿಡಿಯುತ್ತಿರುವುದು ಫೋನಿನಿಂದಲ್ಲ, ಇನ್ನೊಂದು ವಿಂಡೋಸ್ ಲ್ಯಾಪ್‌ಟಾಪ್‌ನ ಹಾಟ್‌ಸ್ಪಾಟ್‌ನಿಂದ. ಅದೂ 192.168.137 ಸಾಲನ್ನೇ ಕೊಡುತ್ತದೆ. ಬರುವ ಕಡೆಗೂ ಹೋಗುವ ಕಡೆಗೂ ಒಂದೇ ಸಾಲು ಇದ್ದರೆ ಲ್ಯಾಪ್‌ಟಾಪ್‌ಗೆ ದಾರಿ ತಪ್ಪುತ್ತದೆ, ಕೆಲವೊಮ್ಮೆ ಟಿಕ್ ಹಾಕುವಾಗಲೇ ಎರರ್ ಕೊಡುತ್ತದೆ. ಮೊದಲ ಮೂಲವನ್ನು ಫೋನಿಗೆ ಬದಲಿಸುವುದೇ ಸುಲಭ.

ಕೇಬಲ್ ಇಲ್ಲದೆ ವೈಫೈಯಿಂದ ವೈಫೈಗೇ ಹಂಚಬೇಕೆಂದರೆ ಸೆಟ್ಟಿಂಗ್ಸ್‌ನ ಮೊಬೈಲ್ ಹಾಟ್‌ಸ್ಪಾಟ್ ಇದೆ, 8 ಸಾಧನಗಳವರೆಗೆ ನಡೆಯುತ್ತದೆ. ಒಂದೇ ಕಾರ್ಡ್ ಕೇಳುವುದೂ ಹೇಳುವುದೂ ಮಾಡುವುದರಿಂದ ಸ್ಪೀಡ್ ಇಳಿಯುತ್ತದೆ. ಹಳೇ ಫೋನಿಗೆ ಹೆಸರು ಕಾಣದಿದ್ದರೆ ಬ್ಯಾಂಡ್ 2.4 ಗಿಗಾಹರ್ಟ್ಸ್ ಮಾಡಿ. ಪವರ್ ಸೇವಿಂಗ್ ಆಯ್ಕೆ ಆಫ್ ಮಾಡಿ, ಇಲ್ಲದಿದ್ದರೆ ಯಾರೂ ಸೇರದ ಹೊತ್ತಿನಲ್ಲಿ ತಾನೇ ಆರಿಹೋಗುತ್ತದೆ.

ನೆಟ್ ಇಳಿದ ಕೂಡಲೇ ಡೆಸ್ಕ್‌ಟಾಪ್‌ನಲ್ಲಿ ಮಾಡಬೇಕಾದ ಒಂದು ಕೆಲಸವನ್ನು ಬಹಳ ಜನ ಬಿಡುತ್ತಾರೆ. ಅದಕ್ಕೆ ಕಾಣುವುದು ಕೇಬಲ್, ಹಾಗಾಗಿ ಬೇಕಾದಷ್ಟು ನೆಟ್ ಇದೆ ಎಂದುಕೊಂಡು ತಿಂಗಳುಗಟ್ಟಲೆ ಬಾಕಿಯಿದ್ದ ಅಪ್‌ಡೇಟ್‌ಗಳನ್ನೆಲ್ಲ ಎಳೆಯಲು ಶುರುಮಾಡುತ್ತದೆ. ದಿನದ 2 ಜಿಬಿ ಪ್ಯಾಕ್ ಬೆಳಿಗ್ಗೆಯೇ ಖಾಲಿ. ಸೆಟ್ಟಿಂಗ್ಸ್, ನೆಟ್‌ವರ್ಕ್, ಈಥರ್ನೆಟ್‌ಗೆ ಹೋಗಿ ಮೀಟರ್ಡ್ ಕನೆಕ್ಷನ್ (ಅಳತೆಯ ನೆಟ್ ಎಂಬ ಗುರುತು) ಆನ್ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಮುಚ್ಚಳ ಮುಚ್ಚಿದರೆ ಏನೂ ಮಾಡಬೇಡ ಎಂದು ಪವರ್ ಆಯ್ಕೆಯಲ್ಲಿ ಕೊಟ್ಟಿರಿ, ಇಲ್ಲದಿದ್ದರೆ ಮುಚ್ಚಳದ ಜೊತೆ ನೆಟ್ಟೂ ಮುಚ್ಚುತ್ತದೆ.

ಮನೆಯಿಂದ ಅಡಿಕೆ ಕಣದ ಶೆಡ್ಡಿಗೆ ಕೇಬಲ್ ಎಳೆಯುವವರು 100 ಮೀಟರ್ ದಾಟಬಾರದು. ಗುಡುಗು ಶುರುವಾಗುವ ಮೊದಲೇ ಎರಡೂ ತುದಿ ಕಿತ್ತಿಡಬೇಕು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಲ್ಲಿ ಹೋದ ತಾಮ್ರದ ತಂತಿ ಸಿಡಿಲಿನ ಹೊಡೆತವನ್ನು ನೇರ ಪೋರ್ಟಿಗೆ ತರುತ್ತದೆ. ಲ್ಯಾಪ್‌ಟಾಪ್ ಬದುಕಿದ್ದು ಲ್ಯಾನ್ ಪೋರ್ಟ್ ಮಾತ್ರ ಸತ್ತಿರಬಹುದು: ಬೇರೆ ಕೇಬಲ್ ಹಾಕಿದರೂ ದೀಪ ಹತ್ತುವುದಿಲ್ಲ. ಆಗ ಯುಎಸ್‌ಬಿಯಿಂದ ಲ್ಯಾನ್ ಆಗುವ ಅಡಾಪ್ಟರ್ ಹಾಕಿದರೆ ಸಾಕು. ಆದರೆ ಅದು ಪಟ್ಟಿಯಲ್ಲಿ ಈಥರ್ನೆಟ್ 2 ಎಂದೋ 3 ಎಂದೋ ಬರುತ್ತದೆ, ಶೇರಿಂಗ್ ಟ್ಯಾಬ್‌ನಲ್ಲಿ ಹಳೆಯ ಹೆಸರು ತೆಗೆದು ಇದನ್ನು ಆರಿಸಿ, 192.168.137.1 ಇದರ ಮೇಲೆ ಬಂದಿದೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳಿ.